ನಿನ್ನೆಯ ತಾರೀಖು

ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ಯಾರೋ ಪುಣ್ಯಾತ್ಮರು ಹೇಳಿಟ್ಟಿದ್ದಾರಲ್ಲ, ಅವರನ್ನು ಕೈಹಿಡಿದು ಕರೆತಂದು ಪುಣೆಯ ಭವಾನಿ ಪೇಠೆಯ ಆ ಪತ್ತಿನ ಸಂಘದ ಕೌಂಟರಿನ ಹಿಂದೆ ಒಂದು ಬೆಳಿಗ್ಗೆ ಕೂರಿಸಬೇಕಿತ್ತು. ಎದುರಿಗೆ ಬೆಲ್ಲದ ವ್ಯಾಪಾರಿಗಳ ಸಾಲು, ತಲೆಯ ಮೇಲೆ ಕಿರ್ರೋ ಎನ್ನುವ ಫ್ಯಾನು, ಮೂಗಿನ ಮುಂದೆ ಕಪ್ಪು ಪರದೆ. ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಇಂಗ್ಲಿಷು, ಅದರ ಕೆಳಗೆ ಮಿಣುಕುವ ಒಂದು ಗೀಟು. ಹೂಂ ಇಲ್ಲ, ಊಹೂಂ ಇಲ್ಲ. ಏನು ಒತ್ತಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ.

ನೀತಾ ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡು ಆ ಸಾಲುಗಳನ್ನು ಓದಿದಳು. ಹೊಸದೇನೂ ಇರಲಿಲ್ಲ. ಯುಗಾದಿಯ ಮರುದಿನ ಬರೆದದ್ದನ್ನೇ ಮತ್ತೆ ಬರೆದಿತ್ತು. ಈ ಡಿಸ್ಕನ್ನು ಕೊನೆಯ ಸಲ ತೆರೆದ ಹೊತ್ತು ಇನ್ನೂ ಬಂದೇ ಇಲ್ಲ, ಮುಂದೆ ಬರಲಿದೆ. ಇಂಥ ಡಿಸ್ಕನ್ನು ನಂಬಿ ನಾನು ಏಳಲಾರೆ. ಮೇಲ್ವಿಚಾರಕರು ಬಂದು ಪಾಸ್‌ವರ್ಡ್ ಕೊಟ್ಟು ಸರಿಪಡಿಸಲಿ. ಮೇಲ್ವಿಚಾರಕರು ಅಂದರೆ ಮತ್ಯಾರು, ಇವಳೇ. ಸಂಘದ ಅಷ್ಟೂ ಕಂಪ್ಯೂಟರುಗಳಿಗೆ ತಾಯಿಯೂ ಅವಳೇ, ದಾಯಿಯೂ ಅವಳೇ.

"ಮುಂಜಾನೆ ಚಲೋ ಇತ್ತವಾ," ಎಂದರು ಪಕ್ಕದಲ್ಲಿ ನಿಂತಿದ್ದ ಕ್ಯಾಶಿಯರ್ ಸಾವಿತ್ರಿಬಾಯಿ. ಸಂಘ ಹುಟ್ಟಿದಾಗಿನಿಂದ ಆ ಕೌಂಟರಿನಲ್ಲಿ ಕೂತವರು ಅವರು. "ಒಮ್ಮೆಲೆ ಆಫ್ ಆಗಿ ಆನ್ ಆತು. ಆನ್ ಆಗಿ ಹಿಂಗ ನಿಂತದ ನೋಡು."

"ಲೈಟ್ ಹೋಗಿತ್ತೇನ್ರಿ?"

"ಹೋಗಿದ್ರೂ ಹೋಗಿರಬೇಕು. ನಾ ಏನ್ ಮ್ಯಾಲೆ ನೋಡ್ಕೋತ ಕೂತಿದ್ನೇನು?"

ಎರಡು ಸಾವಿರದ ಏಳರ ಆ ಬೇಸಿಗೆಯಲ್ಲಿ ಕರೆಂಟು ಹೋಗುವುದು ದೊಡ್ಡ ಸುದ್ದಿಯಾಗಿರಲಿಲ್ಲ. ನೀತಾ ಪಾಸ್‌ವರ್ಡ್ ಹೊಡೆದು ಯಂತ್ರದ ಗಡಿಯಾರ ನೋಡಿದಳು. ಗಡಿಯಾರ ಒಂದು ದಿನ ಹಿಂದೆ ಬಿದ್ದಿತ್ತು. ಯುಗಾದಿಯಾದ ಮೇಲೂ ಹೀಗೇ ಆಗಿತ್ತು. ಅವಳು ತಾರೀಖು ಸರಿಮಾಡಿದಳು, ಡಿಸ್ಕನ್ನು ತಪಾಸಣೆಗೆ ಹಚ್ಚಿದಳು, ಅದು ಆಮೆಯ ಹಾಗೆ ತೆವಳುವುದನ್ನು ನೋಡುತ್ತ ನಿಂತಳು. ಸಾಲಿನಲ್ಲಿ ಮೊದಲಿಗೆ ನಿಂತಿದ್ದ ಬೆಲ್ಲದ ಈರಣ್ಣನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಏನ್ ನೀತಾಬಾಯಿ, ನಿಮ್ಮ ಲಿನಕ್ಸು ಮಲಗೇದೇನು? ತೊಟ್ಟಲಾ ತರಿಸ್ಲೇನು, ತೂಗ್ತೀರಿ?"

ಸಾಲೆಲ್ಲ ನಕ್ಕಿತು. ನೀತಾಳೂ ಹಲ್ಲು ಬಿಟ್ಟಳು. ಬಿಡದೆ ಏನು ಮಾಡುತ್ತಾಳೆ? ತೊಟ್ಟಿಲಿನ ಮಾತು ಮಾತ್ರ ನೆಟ್ಟಗೆ ಕರುಳಿಗೇ ಹೋಗಿ ತಾಗಿತು.

ಯಾಕೆಂದರೆ ಅವಳ ಮಗಳು ಅಂಬಾ ಸೊಲ್ಲಾಪುರದಲ್ಲಿದ್ದಳು. ಗಂಡ ಮಾಂತು ಅಲ್ಲಿ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಅತ್ತೆ ನಾಗವ್ವನ ಮಡಿಲಲ್ಲಿ ಮಗು ಬೆಳೆಯುತ್ತಿತ್ತು. ಇವಳು ಪುಣೆಯ ಕೊಂಢವಾದಲ್ಲಿ ಸಾವಿತ್ರಿಬಾಯಿಯವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ. ಶನಿವಾರ ಮಧ್ಯಾಹ್ನ ರೈಲು ಹತ್ತುವುದು, ಭಾನುವಾರ ಸಂಜೆ ಮತ್ತೆ ರೈಲು ಹತ್ತುವುದು. ಕಾಲಿಗೆ ಚಕ್ರ ಕಟ್ಟಿಕೊಂಡ ಬದುಕು. ಮೊದಮೊದಲು ಅಂಬಾ ಭಾನುವಾರ ಮಧ್ಯಾಹ್ನವಾದ ಕೂಡಲೇ ಅವ್ವನ ಒಂದು ಚಪ್ಪಲಿಯನ್ನು ಒಯ್ದು ಜೋಳದ ಡಬ್ಬಿಯ ಹಿಂದೆ ಮುಚ್ಚಿಡುತ್ತಿದ್ದಳು. ಅದನ್ನು ಹುಡುಕುವುದರೊಳಗೆ ರೈಲು ತಪ್ಪುತ್ತದೆಂದು ಅವಳ ಲೆಕ್ಕ. ಇತ್ತೀಚೆಗೆ ಮುಚ್ಚಿಡುವುದನ್ನು ಬಿಟ್ಟಿದ್ದಳು. ಬಾಗಿಲಿಗೂ ಬಾರದೆ ಅಜ್ಜಿಯ ಹತ್ತಿರ ಕೂತು ಶೇಂಗಾ ಸುಲಿಯುತ್ತಿದ್ದಳು. ಚಪ್ಪಲಿ ಸಲೀಸಾಗಿ ಸಿಗತೊಡಗಿದಾಗಿನಿಂದ ನೀತಾಳಿಗೆ ರೈಲಿನಲ್ಲಿ ನಿದ್ದೆ ಬರುತ್ತಿರಲಿಲ್ಲ.

ಇದಕ್ಕೆಲ್ಲ ಒಂದೇ ಮದ್ದಿತ್ತು. ಸಂಘದವರು ನೀತಾಳನ್ನು ಕಾಯಂ ಮಾಡಬೇಕು. ಹೆಂಡತಿಯ ಕಾಯಂ ನೌಕರಿಯ ಆದೇಶವನ್ನು ತೋರಿಸಿದರೆ ಮಾಂತುವಿಗೆ ಪುಣೆಗೆ ಬದಲಿ ಸಿಗುತ್ತದೆಂದು ಅವನ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಜೂನಿನಲ್ಲಿ ಅಂಬಾಳನ್ನು ಇಲ್ಲೇ ಶಾಲೆಗೆ ಹಾಕಬಹುದು. ಮುಂದಿನ ತಿಂಗಳು ಸಾವಿತ್ರಿಬಾಯಿ ನಿವೃತ್ತರಾಗುತ್ತಾರೆ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತೇನೆಂದು ಅವರಾಗಿಯೇ ಅಂದಿದ್ದರು. ಎಲ್ಲವೂ ಹೂವೆತ್ತಿದಷ್ಟು ಸಲೀಸು. ನಡುವೆ ಈ ಒಂದು ಕಪ್ಪು ಪರದೆ.

ಲಿನಕ್ಸು ಹಾಕಿದ್ದು ಅವಳದೇ ಹಟ. ಮೊದಲು ಅಲ್ಲಿದ್ದದ್ದು ಯಾರೋ ತಂದು ತುಂಬಿದ ಕಳ್ಳ ವಿಂಡೋಸು. ಅದರಲ್ಲಿ ವೈರಸ್ಸು ಬಿಡಾರ ಹೂಡಿ ವರ್ಷಗಳೇ ಆಗಿದ್ದವು. ಸಂಕ್ರಾಂತಿಯ ಹೊತ್ತಿಗೆ, ಕಂಪ್ಯೂಟರ್ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಿಂದ, ಅವಳು ಎಲ್ಲ ಯಂತ್ರಗಳನ್ನೂ ತೊಳೆದು ಲಿನಕ್ಸು ಹಾಕಿದಳು. ಸಂಘದ ಚೇರಮನ್ ಶಿವರುದ್ರಪ್ಪನವರು, ಬಟ್ಟೆಯ ಹೋಲ್‌ಸೇಲ್ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಆಗ ಒಂದೇ ಮಾತು ಹೇಳಿದ್ದರು: "ಮಾಡ್ರಿ. ಕಳ್ಳ ಮಾಲು ನಮಗೂ ಬ್ಯಾಡ. ಆದರ ಮಂದಿ ಕೌಂಟರ್ ಮುಂದ ನಿಂತು ಬೈಬಾರದು. ಬಸವ ಜಯಂತಿ ಮರುದಿನ ನಮ್ಮ ಮೀಟಿಂಗ್ ಅದ. ಅಲ್ಲಿ ತನಕ ಇದು ಸುದ್ದ ನಡೀತಂದ್ರ ನಿಮ್ಮನ್ನ ಕಾಯಂ ಮಾಡ್ತೀವಿ. ನಡೀಲಿಲ್ಲಂದ್ರ ಹಳೇದನ್ನೇ ಹಾಕಿಸ್ತೀವಿ, ಹೊರಗಿನವರಿಗೆ ಗುತ್ತಿಗೆ ಕೊಡ್ತೀವಿ." ಅಂದರೆ ನೀತಾ ಮನೆಗೆ.

ಒಳಗಿನ ಯಂತ್ರಗಳೆಲ್ಲ ಹಸುವಿನ ಹಾಗೆ ನಡೆದವು. ರಂಪ ಮಾಡಿದ್ದು ಕೌಂಟರಿನದೊಂದೇ. ಅದೂ ದಿನವೂ ಅಲ್ಲ. ದಿನವೂ ಕೆಟ್ಟರೆ ಹಿಡಿಯುವುದು ಸುಲಭ. ಇದು ಒಳ್ಳೆಯ ಸೊಸೆಯಂತೆ ವಾರಗಟ್ಟಲೆ ದುಡಿದು, ಯಾವಾಗಲೋ ಒಂದು ಬೆಳಿಗ್ಗೆ ಮುಖ ತಿರುಗಿಸಿ ಕೂತುಬಿಡುತ್ತಿತ್ತು. ಯುಗಾದಿಯ ಮರುದಿನ ಒಮ್ಮೆ. ಈಗ, ಗುರುವಾರವೂ ಪುಷ್ಯ ನಕ್ಷತ್ರವೂ ಕೂಡಿಬಂದ ಗುರುಪುಷ್ಯದ ಮರುದಿನ ಇನ್ನೊಮ್ಮೆ.

ಗಡಿಯಾರ ಹಿಂದೆ ಬೀಳುತ್ತಿದೆ ಅಂದ ಮೇಲೆ ಯಾರಿಗಾದರೂ ತೋಚುವುದು ಬ್ಯಾಟರಿ. ಯಂತ್ರ ಬಂದಾದಾಗಲೂ ಅದರ ಗಡಿಯಾರವನ್ನು ನಡೆಸುವ ಬಿಲ್ಲೆಯಂಥ ಬ್ಯಾಟರಿಯೊಂದು ಒಳಗಿನ ಮುಖ್ಯ ಬೋರ್ಡಿನ ಮೇಲೆ ಇರುತ್ತದೆ. ಅದನ್ನು ಶಿವರಾತ್ರಿಯ ಸುಮಾರಿಗೆ ಒಮ್ಮೆ ಬದಲಿಸಿದ್ದಾಗಿತ್ತು. ಯುಗಾದಿಯಾದ ಮೇಲೆ ಮತ್ತೆ ಬದಲಿಸಿದಳು. ಗುರುಪುಷ್ಯವಾದ ಮೇಲೆ ಇನ್ನೊಂದು ಅಂಗಡಿಯಿಂದ ತಂದು ಹಾಕಿದಳು. ಸೈಬರ್ ಕೆಫೆಯಲ್ಲಿ ಕೂತು, ತನ್ನಂಥದೇ ಪೀಡೆ ಹಿಡಿದವರು ಬರೆದದ್ದನ್ನೆಲ್ಲ ಓದಿದಳು. ಒಬ್ಬ ಇದು ಕೆಲವು ಬೋರ್ಡುಗಳ ಹಣೆಬರಹ ಎಂದಿದ್ದ. ಇನ್ನೊಬ್ಬ ವಿದ್ಯುತ್ ಉಳಿಸುವ ಸೌಲಭ್ಯವನ್ನು ಬಂದ್ ಮಾಡಿ ಎಂದಿದ್ದ. ಮತ್ತೊಬ್ಬ, ಬೇರೆ ಕಂಪ್ಯೂಟರ್ ಕೊಳ್ಳಿ ಎಂದಿದ್ದ. ಅವನ ಬಾಯಿಗೆ ಮಣ್ಣು ಹಾಕ. ಮಿಕ್ಕವರು ಹೇಳಿದ್ದನ್ನೆಲ್ಲ ಮಾಡಿದಳು. ಮಾಡಿದಾಗಲೆಲ್ಲ ಯಂತ್ರ ಚೆನ್ನಾಗಿ ಎದ್ದಿತು, ಹೀಗಾಗಿ ಯಾವುದರಿಂದ ಸರಿಯಾಯಿತು, ಯಾವುದರಿಂದ ಆಗಲಿಲ್ಲ ಎಂಬುದೇ ತಿಳಿಯದೆ ತಲೆ ಕೆಟ್ಟು ಕೆರ ಹಿಡಿಯಿತು.

ಕಡೆಗೆ ಕೊಂಢವಾದ ಬಸ್ ಸ್ಟಾಪಿನ ಹತ್ತಿರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಸ್ವಪ್ನಿಲ್‌ನನ್ನು ಕೇಳಿದಳು. ಅವನು ಕೇಳಿಸಿಕೊಂಡು, ಬೋರ್ಡೇ ಹೋಗಿದೆ ಮ್ಯಾಡಮ್, ಈ ಜಾತಿಯ ಬೋರ್ಡಿಗೂ ಲಿನಕ್ಸಿಗೂ ಅತ್ತೆ ಸೊಸೆ ಸಂಬಂಧ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟ. ನೀತಾಳಿಗೆ ಆ ತೀರ್ಪು ಹಿಡಿಸಿತು. ದಣಿದವರಿಗೆ ಯಾವುದಾದರೂ ಒಂದು ತೀರ್ಪು ಸಾಕಾಗಿರುತ್ತದೆ.

ಬಸವ ಜಯಂತಿಗೆ ಸಂಘ ಬಂದ್. ಸೊಲ್ಲಾಪುರಕ್ಕೆ ಹೋಗಬೇಕಾಗಿತ್ತು, ಹೋಗಲಿಲ್ಲ. ಮರುದಿನವೇ ಮೀಟಿಂಗು. ಬೀಗದ ಕೈ ಇಸಿದುಕೊಂಡು, ಸ್ವಪ್ನಿಲ್‌ನನ್ನು ಕರೆದುಕೊಂಡು ಬಂದು, ಕೌಂಟರಿನ ಯಂತ್ರಕ್ಕೆ ಹೊಸ ಬೋರ್ಡು ಹಾಕಿಸಿದಳು. ತೆಗೆದ ಹಳೆಯ ಬೋರ್ಡನ್ನು ಒಳಗಿನ ಕೋಣೆಯ ಯಂತ್ರವೊಂದಕ್ಕೆ ಕೂರಿಸಿದರು, ಪರೀಕ್ಷೆಗೆ. ಸ್ವಪ್ನಿಲ್ ಹೋದ ಮೇಲೂ ಅವಳು ಕೂತಳು. ಬಂದ್ ಮಾಡುವುದು, ಎಬ್ಬಿಸುವುದು. ವೈರು ಕಿತ್ತು ಬಂದ್ ಮಾಡುವುದು, ಮತ್ತೆ ಎಬ್ಬಿಸುವುದು. ಎರಡೂ ಯಂತ್ರಗಳು ತಪ್ಪದೆ ಎದ್ದವು. ಪೇಠೆಯಲ್ಲಿ ಬಸವಣ್ಣನ ಫೋಟೋದ ಮೆರವಣಿಗೆ ಬಂತು, ಭಜನೆ ಬಂತು, ಹೋಯಿತು. ಮನೆಗೆ ಬಂದವಳು ಸಾವಿತ್ರಿಬಾಯಿ ಎತ್ತಿಟ್ಟಿದ್ದ ಹೋಳಿಗೆ ತಿಂದು ಹಾಗೇ ಗೋಡೆಗೆ ಒರಗಿದಳು. ಸೊಲ್ಲಾಪುರಕ್ಕೆ ಫೋನ್ ಮಾಡುವುದೂ ಮರೆತುಹೋಯಿತು.

ಮರುದಿನ ಬೆಳಿಗ್ಗೆ ಅವಳೇ ಮುಂದೆ ನಿಂತು ಕೌಂಟರಿನ ಯಂತ್ರವನ್ನು ಎಬ್ಬಿಸಿದಳು. ಎದ್ದಿತು. ಗಡಿಯಾರ ಸರಿ, ತಾರೀಖು ಸರಿ. ಉಸ್ಸಪ್ಪಾ ಎಂದು ಒಳಗೆ ಹೋಗಿ ಮೀಟಿಂಗಿಗೆ ಬೇಕಾದ ಕಾಗದಗಳನ್ನು ಛಾಪಿಸುತ್ತ ಕೂತಳು. ಹೊರಗೆ ಸಾಲು ಬೆಳೆದಿತ್ತು. ಶಿವರುದ್ರಪ್ಪನವರೇ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಬಂದು, ಮೊಮ್ಮಗಳ ಹೆಸರಿನಲ್ಲಿ ಠೇವಣಿ ಇಡಬೇಕೆಂದು ಕೌಂಟರಿನ ಮೇಲೆ ಬಗ್ಗಿ ಸಾವಿತ್ರಿಬಾಯಿಯವರೊಂದಿಗೆ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದುದು ಬಾಗಿಲ ಸಂದಿಯಿಂದ ಕಂಡಿತು. ಅವಳು ಕಾಗದಕ್ಕೆ ಟಾಚಣಿ ಚುಚ್ಚುತ್ತಿದ್ದಳು.

"ನೀತಾ, ಸ್ವಲ್ಪ ಬಾ ಇಲ್ಲೆ."

ಕರೆದದ್ದು ಸಾವಿತ್ರಿಬಾಯಿ. ಹೋಗಿ ನೋಡಿದರೆ ಅದೇ ಕಪ್ಪು ಪರದೆ, ಅದೇ ನಾಲ್ಕು ಸಾಲು. ಶಿವರುದ್ರಪ್ಪನವರು ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ಪರದೆಯನ್ನೂ ಒಮ್ಮೆ ಅವಳನ್ನೂ ನೋಡಿದರು.

"ಹೊಸಾ ಬೋರ್ಡು ಹಾಕಿಸೀರಿ ಅಂದ್ರಲ್ಲ?"

"ಹೌದ್ರಿ. ನಿನ್ನೇನ ಹಾಕಿಸೇನ್ರಿ."

"ಹಂಗಾದ್ರ ಇದೇನ್ರಿ?"

ಹೊಸ ಬೋರ್ಡು, ಹೊಸ ಬ್ಯಾಟರಿ, ಹಾಳಾದ ಹಬ್ಬ, ಎಲ್ಲವೂ ನೀರಲ್ಲಿ ಹೋಮ. ಬೆರಳುಗಳು ಮಾತ್ರ ರೂಢಿಯಂತೆ ಪಾಸ್‌ವರ್ಡ್ ಹೊಡೆದವು, ಗಡಿಯಾರ ಕೇಳಿದವು. ನಿನ್ನೆಯ ತಾರೀಖು. ಹತ್ತು ಗಂಟೆ ಹನ್ನೆರಡು ನಿಮಿಷ. ಅವಳು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ ಹನ್ನೆರಡು ನಿಮಿಷ.

ಅಯ್ಯ ನನ್ನ ಹುಚ್ಚು ಮುಂಡೇದೇ, ಎಂದು ತನ್ನನ್ನೇ ಬೈದುಕೊಂಡಳು. ಬ್ಯಾಟರಿ ಸತ್ತ ಗಡಿಯಾರ ಎಲ್ಲವನ್ನೂ ಮರೆಯುತ್ತದೆ. ಮರೆತು, ಬೋರ್ಡು ಹುಟ್ಟಿದ ವರ್ಷಕ್ಕೆ ಹೋಗಿ ಜನವರಿ ಒಂದರಿಂದ ಎಣಿಸತೊಡಗುತ್ತದೆ. ನಿಮಿಷವನ್ನೂ ಗಂಟೆಯನ್ನೂ ಜೋಪಾನ ಮಾಡಿಟ್ಟುಕೊಂಡು ತಾರೀಖೊಂದನ್ನೇ ಹಿಂದಕ್ಕೆ ಹಾಕುವ ಬ್ಯಾಟರಿ ಈ ಲೋಕದಲ್ಲಿಲ್ಲ. ಅದು ಮನುಷ್ಯರ ಕೈಯ ಕೆಲಸ. ಯುಗಾದಿಯಾದ ಮೇಲೂ ಗುರುಪುಷ್ಯವಾದ ಮೇಲೂ ಇದೇ ಕಣ್ಣ ಮುಂದೆ ಇದ್ದಿರಬೇಕು, ನೋಡಲು ತ್ರಾಣವಿರಲಿಲ್ಲ. ಯಂತ್ರ ಏಳುವಾಗ ಡಿಲೀಟ್ ಗುಂಡಿ ಒತ್ತಿ ತಾರೀಖು ಬದಲಿಸುವುದು ಆ ಕಟ್ಟಡದಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬರಿಗೇ. ಶಿವರಾತ್ರಿಗೆ ಬ್ಯಾಟರಿ ಹಾಕಿದಾಗ, ನಾನು ರಜೆಯಲ್ಲಿದ್ದರೆ ಇರಲಿ ಎಂದು ಅವಳೇ ಕಲಿಸಿದ್ದಳು.

ಅವಳು ತಾರೀಖು ಸರಿಮಾಡಿ ಯಂತ್ರವನ್ನು ಎಬ್ಬಿಸಿ ಕೊಟ್ಟಳು. ಶಿವರುದ್ರಪ್ಪನವರು "ನಾಕಕ್ಕ ಮೀಟಿಂಗಿನ್ಯಾಗ ಮಾತಾಡೋಣು" ಎಂದಷ್ಟೇ ಹೇಳಿ ಹೊರಟುಹೋದರು.

ಸಾಲು ಕರಗಿದ ಮೇಲೆ ಸಾವಿತ್ರಿಬಾಯಿ ಹಿಂದಿನ ಕೋಣೆಯಲ್ಲಿ ಚಹಾ ಇಟ್ಟಿದ್ದರು. ನೀತಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಬಾಯಾರ, ಮಶೀನಿನ ತಾರೀಖು ನೀವು ಹಿಂದಕ್ಕ ಸರಸ್ತೀರೇನ್ರಿ?"

"ಹೂಂ," ಎಂದರು ಸಾವಿತ್ರಿಬಾಯಿ, ಚಹಾಕ್ಕೆ ಶುಂಠಿ ಹಾಕಿದ್ದೀರಾ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ.

"ಯಾಕ್ರಿ?"

"ಯಾಕಂದ್ರ? ಬಸವ ಜಯಂತಿ ದಿನಾ ಠೇವಣಿ ಇಡಬೇಕಂತ ಮಂದಿಗೆ ಮನಸ್ಸಿರತದ. ಆ ದಿನಾ ನಮ್ಮ ಆಫೀಸೇ ಬಂದ್. ಮರುದಿನ ಬಂದು, ನಿನ್ನೆ ತಾರೀಖನ್ಯಾಗ ಕೊಡವಾ ಸಾವಿತ್ರಿ, ದಿನಾ ಚಲೋ ಇತ್ತು ಅಂತಾರ. ಕೊಡೂದು. ಮೊದಲಿಂದ ಹಿಂಗ ಅದ. ಕೈಲೆ ಬರಿಯೂ ಮುಂದ ಹಬ್ಬದ ದಿನದ್ದು ನಾಕು ಸಾಲು ಖಾಲಿ ಬಿಡ್ತಿದ್ದೆ, ಹಿಂದಿಂದ ಬಂದವ್ರದು ಅದರಾಗ ಬರೀತಿದ್ದೆ. ಕಂಪ್ಯೂಟರಿನ್ಯಾಗ ಖಾಲಿ ಬಿಡಾಕ ಬರೂದಿಲ್ಲ. ಹಳೇದರಾಗ ಮೂಲ್ಯಾಗ ಗಡಿಯಾರ ಇರ್ತಿತ್ತು, ಒತ್ತಿದ್ರ ಸರೀತಿತ್ತು. ನಿಂದು ಪಾಸ್‌ವರ್ಡ್ ಬೇಡತದ. ಅದಕ್ಕ ನೀ ಕಲಿಸಿದ ಡಿಲೀಟ್ ಒತ್ತಿದೆ."

"ಅಲ್ರೀ, ಅದು ನಿಂತಾಗರ ಹೇಳಬಾರದೇನ್ರಿ? ಲೈಟ್ ಹೋಗಿರಬೇಕು ಅಂದ್ರಿ!"

"ಒಮ್ಮೊಮ್ಮೆ ಏಳತದ, ಒಮ್ಮೊಮ್ಮೆ ಏಳೂದಿಲ್ಲ. ಅದರಿಂದನ ಅಂತ ನನಗೇನ್ ಕನಸು ಬಿದ್ದಿತ್ತೇನು? ಮಂದಿ ಸಾಲಿನ್ಯಾಗ ನಿಂತಿರ್ತಾರ, ನಾ ತಾರೀಖು ಸರಿಸೀನಿ ಅಂತ ಎಲ್ಲಾರ ಮುಂದ ಒದರ್ಲೇನು? ನೀನೂ ಬ್ಯಾಟರಿ ಬ್ಯಾಟರಿ ಅಂದಿ, ನಾನೂ ಬ್ಯಾಟರಿನೇ ಅಂತ ತಿಳಕೊಂಡ್ನಿ."

ನೀತಾಳಿಗೆ ಸಿಟ್ಟು ನೆತ್ತಿಗೇರಿತು. ಒಂದು ತಿಂಗಳ ಮೇಲಾಯಿತು! ಕೆಫೆಯ ಕುರ್ಚಿ, ಬ್ಯಾಟರಿಗಳು, ಸ್ವಪ್ನಿಲ್‌ನ ಕೈಕಾಲು ಹಿಡಿದದ್ದು, ಮಗಳನ್ನು ಬಿಟ್ಟು ಕಳೆದ ಹಬ್ಬ. ಬಾಯಿ ತೆರೆದಳು, ಆದರೆ ಬಯ್ಯಲು ಕೂಡ ಶಕ್ತಿ ಬೇಕಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಯಾವತ್ತೂ ಇಲ್ಲದ ತಾಳ್ಮೆಯಿಂದ ತಿಳಿಸಿ ಹೇಳಿದಳು. ಈ ಯಂತ್ರ ತಾನು ಎದ್ದ ಹೊತ್ತನ್ನು ಡಿಸ್ಕಿನ ಮೇಲೆ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಇವತ್ತಿನ ತಾರೀಖಿನಲ್ಲಿ ಎದ್ದಿರುತ್ತದೆ. ಮಂದಿ ಬಂದು ಕೇಳಿದ ಮೇಲೆ ನೀವು ಅದನ್ನು ಬಂದ್ ಮಾಡಿ, ಇವತ್ತು ನಿನ್ನೆ ಅಂತ ಹೇಳಿ ಎಬ್ಬಿಸುತ್ತೀರಿ. ಆಗ ಅದು, ನಾನು ನಾಳೆ ಎದ್ದಿದ್ದೆ ಅಂತ ಬರೆದದ ಅಲ್ಲ, ಇದು ಹೆಂಗ ಅಂತ ಗಾಬರಿಯಾಗಿ ನಿಲ್ಲುತ್ತದೆ. ಹಬ್ಬದ ಮರುದಿನ ಮುಂಜಾನೆ ಮೊದಲ ಸಲ ಎಬ್ಬಿಸುವಾಗಲೇ ಸರಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ.

"ಭಾಳ ಪ್ರಾಮಾಣಿಕ ಅದಲ್ಲವಾ ಇದು," ಎಂದರು ಸಾವಿತ್ರಿಬಾಯಿ, ನಿಜವಾಗಿಯೂ ಬೆರಗಾಗಿ. ಆಮೇಲೆ ದನಿ ತಗ್ಗಿಸಿದರು. "ಮೀಟಿಂಗಿನ್ಯಾಗ ಹೇಳಿಬಿಡು. ನನ್ನ ಹೆಸರೇ ಹೇಳು. ನಂದೇನವಾ, ಮುಂದಿನ ತಿಂಗಳು ನಾ ಮನೀಗೆ. ನಿನ್ನ ಕೂಸು ಬರಬೇಕು."

ಹಾಗಂದರು ಖರೆ, ಆದರೆ ಚಹಾ ಸೋಸುವುದನ್ನು ಮರೆತು ಪುಡಿಸಮೇತ ಲೋಟಕ್ಕೆ ಹೊಯ್ದರು. ಇಷ್ಟು ವರ್ಷ ಒಂದು ಬೊಟ್ಟು ತೋರಿಸಿಕೊಳ್ಳದೆ ಕೂತ ಕೌಂಟರು. ನೀತಾ ಆ ಪುಡಿಯ ಚಹಾವನ್ನೇ ಕುಡಿದಳು.

ನಾಲ್ಕು ಗಂಟೆಗೆ ಮೀಟಿಂಗು. ಶಿವರುದ್ರಪ್ಪನವರು, ಅವರ ಎಡಬಲಕ್ಕೆ ಡೈರೆಕ್ಟರುಗಳು, ನಡುವೆ ಚುರುಮುರಿಯ ತಟ್ಟೆ. ನೀತಾಳನ್ನು ಕರೆದರು. ಏನಾಗಿತ್ತು ಮಶೀನಿಗೆ ಎಂದು ಕೇಳಿದರು. ಅವಳು ಮಧ್ಯಾಹ್ನವೆಲ್ಲ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದಳು.

"ಮಶೀನು ಸುದ್ದ ಅದರಿ. ಲಿನಕ್ಸೂ ಸುದ್ದ ಅದರಿ. ತಾರೀಖು ಹಿಂದಕ್ಕ ಸರಿಸಿದ್ರ ಅದು ಏಳೂದಿಲ್ರಿ. ಹಬ್ಬದ ತಾರೀಖಿನ ಠೇವಣಿ ಪಾವತಿ ಬೇಕಂತ ಯಾರರ ಕೇಳಿದಾಗ ಹಿಂಗಾಗೇದರಿ. ಮೂರು ಸಲಾನೂ."

ಯಾರು ಸರಿಸಿದರು ಎಂದು ಈಗ ಕೇಳುತ್ತಾರೆ ಎಂದು ಅವಳು ಕಾದಳು. ಯಾರೂ ಕೇಳಲಿಲ್ಲ. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಚುರುಮುರಿಯಲ್ಲಿ ಶೇಂಗಾ ಹುಡುಕತೊಡಗಿದರು. ಶಿವರುದ್ರಪ್ಪನವರ ಕೈ ತಾನಾಗಿಯೇ, ಮೊಮ್ಮಗಳ ಠೇವಣಿಯ ದುಡ್ಡಿದ್ದ ಅಂಗಿಯ ಜೇಬನ್ನು ಮುಟ್ಟಿಕೊಂಡಿತು. ಆ ಕೋಣೆಯಲ್ಲಿ ಕೂತವರಲ್ಲಿ ಹಬ್ಬದ ತಾರೀಖಿನ ರಸೀದಿ ಪಡೆಯದವರು ಒಬ್ಬರೂ ಇರಲಿಲ್ಲ ಎಂಬುದು ನೀತಾಳಿಗೆ ಆಗ ಹೊಳೆಯಿತು.

"ಹಳೇದು ಏಳತಿತ್ತಲ್ರಿ?" ಎಂದರು ಶಿವರುದ್ರಪ್ಪನವರು ಬಹಳ ಮೃದುವಾಗಿ.

"ಏಳತಿತ್ರಿ."

"ಎಂದೂ ತಕರಾರು ಮಾಡಲಿಲ್ಲ."

"ಇಲ್ರಿ. ಅದು ಇದನ್ನ ನೋಡೂದೇ ಇಲ್ರಿ."

"ಹಂಗಾದ್ರ ನಮ್ಮ ಮಂದೀಗೆ ಹಳೇದೇ ಚಲೋ ಕಾಣತದ, ನೋಡ್ರಿ. ನಿಮ್ಮದು ತಪ್ಪಂತಲ್ಲ. ನಿಮ್ಮದು ಭಾಳ ಶಾಣ್ಯಾ ಆತು. ನಮ್ಮದು ರೂಢಿ. ಮಂದೀಗೆ ಇಲ್ಲ ಅನ್ನಾಕ ಬರೂದಿಲ್ಲ."

ಅವರು ಕೆಟ್ಟವರಲ್ಲ. ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ಜಗಳಾಡಬಹುದಿತ್ತು. ಅಲ್ಲಿ ಕೂತವರೆಲ್ಲ ಅವಳತ್ತ ಕನಿಕರದಿಂದ ನೋಡುತ್ತಿದ್ದರು, ಒಬ್ಬರು ತಟ್ಟೆಯನ್ನೂ ಅವಳ ಕಡೆ ಸರಿಸಿದರು. ನಿಜ ಹೇಳಿದರೆ ಸಾವಿತ್ರಿಬಾಯಿಗೆ ಕೇಡಾಗಬಹುದೆಂದು ಹೆದರಿದ್ದಳು. ಈಗ ನೋಡಿದರೆ ಅದರ ಏಟು ಬಿದ್ದದ್ದು ತನಗೇ. ಮಾಂತುವಿನ ಬದಲಿ ಹೋಯಿತು, ಜೂನಿನ ಶಾಲೆ ಹೋಯಿತು. ಅಂಬಾ ಇನ್ನೊಂದು ವರ್ಷ ಅಜ್ಜಿಯ ಪಕ್ಕದಲ್ಲಿ ಶೇಂಗಾ ಸುಲಿಯುತ್ತಾಳೆ. ಆಮೇಲೆ ಯಾವ ಅವ್ವ, ಎಲ್ಲಿಯ ಅವ್ವ?

"ಇದರ ಬಾಯೂ ಮುಚ್ಚಸಬಹುದ್ರಿ," ಎಂದಳು.

"ಏನಂದ್ರಿ?"

"ತಾರೀಖು ಹಿಂದ ಇದ್ರೂ ಗೊಣಗಬ್ಯಾಡ ಅಂತ ಒಂದು ಸಾಲು ಬರದ್ರ ಆತ್ರಿ. ಸುಮ್ಮನ ಏಳತದ."

ಹೇಳಿದ್ದಷ್ಟೇ ಅಲ್ಲ, ಎದ್ದು ಹೋಗಿ ಬರೆದೂ ಬಂದಳು. ಅವರ ಕಣ್ಣೆದುರೇ ಯಂತ್ರವನ್ನು ಆರಿಸಿ, ತಾರೀಖನ್ನು ನಿನ್ನೆಗೆ ಸರಿಸಿ ಎಬ್ಬಿಸಿದಳು. ಅದು ಪಿಟ್ಟೆನ್ನದೆ ಎದ್ದಿತು. ನಾಚಿಕೆಯಾಯಿತು ಅವಳಿಗೆ, ಯಾಕೆ ಸುಳ್ಳು ಹೇಳಬೇಕು. ಇಡೀ ಕಟ್ಟಡದಲ್ಲಿ ಪಟ್ಟು ಹಿಡಿದು ಖರೆ ಹೇಳುತ್ತಿದ್ದದ್ದು ಅದೊಂದೇ, ಅದರ ಬಾಯನ್ನೂ ತನ್ನ ಕೈಯಾರೆ ಹೊಲಿದಿದ್ದಳು. ಆದರೆ ನಾಚಿಕೆಗಿಂತ ದೊಡ್ಡದಾಗಿ ಒಂದು ಆಯಾಸ ಬಂದು, ಇರಲಿ ಬಿಡು, ಮುಗಿಯಿತಲ್ಲ ಎಂದಿತು.

ಶಿವರುದ್ರಪ್ಪನವರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಹಿಂಗ ಮೊದಲೇ ಹೇಳಬಾರದೇನ್ರಿ!" ಎಂದವರೇ ಟೈಪ್ ಮಾಡಿಸಿ ಇಟ್ಟಿದ್ದ ಆದೇಶವನ್ನು ಫೈಲಿನಿಂದ ತೆಗೆದರು. ತಾರೀಖಿನ ಜಾಗ ಖಾಲಿಯಿತ್ತು. ಪೆನ್ನಿನ ಟೊಪ್ಪಿ ತೆಗೆದು ಒಂದು ಗಳಿಗೆ ಯೋಚಿಸಿದರು.

"ಇವತ್ತಿನಕಿಂತ ನಿನ್ನೆ ದಿನಾ ಭಾಳ ಚಲೋ ಇತ್ತವಾ. ಬಸವ ಜಯಂತಿ. ನಿನ್ನೆ ತಾರೀಖನ್ಯಾಗ ಕೊಡ್ತೀನಿ. ಕೂಸಿನ ಕೂಡ ಸಂಸಾರ ಹೂಡಾಕಿ ಇದ್ದೀ, ಒಳ್ಳೇದಾಗ್ಲಿ."

ಬೇಡ ಎನ್ನಲಿಲ್ಲ ನೀತಾ. ಬೇಡ ಎನ್ನಬೇಕು ಅಂತಲೂ ಅನಿಸಲಿಲ್ಲ. ಒಳ್ಳೆಯ ದಿನದಲ್ಲಿ ಆದದ್ದು ಒಳ್ಳೆಯದಾಗುತ್ತದೆ ಎಂದರೆ ಯಾವ ತಾಯಿಗೆ ಬೇಡವಾದೀತು? ಬಗ್ಗಿ ಅವರ ಕಾಲು ಮುಟ್ಟಿ ಆದೇಶವನ್ನು ಇಸಿದುಕೊಂಡಳು. ಹೊರಗೆ ಸಾವಿತ್ರಿಬಾಯಿ ಅದನ್ನು ಓದಿ, ತಾರೀಖಿನ ಮೇಲೆ ಬೆರಳಿಟ್ಟು, ಅವಳ ಗಲ್ಲ ಸವರಿದರು.

ಪೇಠೆಯ ಮೂಲೆಯ ಹಳದಿ ಫೋನ್ ಬೂತಿಗೆ ಅವಳು ಹೆಚ್ಚುಕಡಿಮೆ ಓಡಿಯೇ ಹೋದಳು. ಸಂಜೆಯ ಗದ್ದಲ, ಬೆಲ್ಲದ ಗಾಡಿಗಳು, ಹಮಾಲರ ಕೂಗಾಟ. ಸೊಲ್ಲಾಪುರದ ಮನೆಯಲ್ಲಿ ಫೋನ್ ಎತ್ತಿದ್ದು ನಾಗವ್ವ.

"ಅತ್ತೀ, ಕಾಯಂ ಆತ್ರಿ! ಆದೇಶ ಕೈಯಾಗ ಅದ. ಅವರಿಗೆ ಹೇಳ್ರಿ, ನಾಳೇನ ಬದಲೀ ಅರ್ಜಿ ಹಾಕ್ಲಿ."

"ಯವ್ವಾ, ಚಲೋ ಆತವಾ! ದೇವರು ಕಣ್ಣು ತೆರದಾ. ಯಾವಾಗ ಕೊಟ್ರು?"

ನೀತಾ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಒಳ್ಳೆಯ ದಿನವೆಂದರೆ ಅತ್ತೆಗೂ ಸಂತೋಷ.

"ನಿನ್ನೆರಿ. ಬಸವ ಜಯಂತಿ ದಿನಾನ."

ಪೇಠೆಯ ಗದ್ದಲ ಕೇಳಿಸದಿರಲೆಂದು ಅವಳು ಇನ್ನೊಂದು ಕಿವಿಯನ್ನು ಮುಚ್ಚಿಕೊಂಡಳು.

"ನಿನ್ನೇನ ಆಗಿತ್ತಾ?" ಎಂದರು ನಾಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗಾದ್ರ ನಿನ್ನೇನ ಒಂದು ಫೋನ್ ಮಾಡಬಾರದೇನವಾ? ಆ ಕೂಸು ಹೊಸಾ ಲಂಗಾ ಹಾಕ್ಕೊಂಡು ಮುಂಜಾನಿಂದ ಫೋನಿನ ಮುಂದ ಕೂತಿತ್ತು. ಅವ್ವ ನೌಕರೀ ಸುದ್ದಿ ಹೇಳ್ತಾಳ, ನನ್ನ ಕರ್ಕೋತಾಳ ಅಂತ. ಉಣ್ಣಾಕೂ ಏಳಲಿಲ್ಲ. ಅಲ್ಲೇ ನಿದ್ದಿ ಹೋತು. ಅವ್ವಗ ಭಾಳ ಕೆಲಸ ಅದ, ಸುದ್ದಿ ಇನ್ನಾ ಬಂದಿಲ್ಲ, ಬಂದಿದ್ರ ಮಾಡ್ತಿದ್ದಳು ಅಂತ ನಾ ಸಮಾಧಾನ ಹೇಳಿ ಮಲಗಿಸೇನಿ. ನೋಡಿದ್ರ ಸುದ್ದಿ ನಿನ್ನೇನ ಬಂದಿತ್ತು."

ಇಲ್ರಿ, ಇವತ್ತು, ಈಗ, ಇನ್ನೂ ಒಂದು ತಾಸೂ ಆಗಿಲ್ಲ ಎಂದು ಹೇಳಬೇಕೆಂದು ನೀತಾ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ನಿನ್ನೆಯ ತಾರೀಖನ್ನು ತಾನೇ ಈಗ ಬಾಯಾರೆ ಹೇಳಿಯಾಗಿತ್ತು. ಕೈಯಲ್ಲಿದ್ದ ಕಾಗದವೂ ಹಾಗೇ ಹೇಳುತ್ತಿತ್ತು, ನಾಳೆ ಮಾಂತು ಅದನ್ನು ಮನೆಯಲ್ಲಿ ಓದಿದಾಗಲೂ ಹಾಗೇ ಹೇಳುತ್ತದೆ.

"ಅಕೀಗೆ ಕೊಡ್ರಿ ಅತ್ತೀ. ನಾ ಮಾತಾಡ್ತೀನಿ."

ರಿಸೀವರನ್ನು ಕೆಳಗಿಟ್ಟ ಸದ್ದು. ಅಂಬೂ, ಅವ್ವ ಫೋನ್ ಮಾಡ್ಯಾಳ ಬಾ, ಪುಣೇಕ್ಕ ಕರ್ಕೋತಾಳಂತ ಬಾ, ಎಂದು ನಾಗವ್ವ ಕರೆಯುವುದು ದೂರದಿಂದ ಕೇಳಿಸಿತು. ಪಾತ್ರೆಯೊಂದು ಉರುಳಿತು. ಪಕ್ಕದ ಮನೆಯ ಮಕ್ಕಳ ಕೇಕೆ ಕೇಳಿಸಿತು. ನಾಗವ್ವ ಮತ್ತೆ ಕರೆದರು, ಮತ್ತೆ ಕರೆದರು. ಬೂತಿನ ಮೀಟರು ಕೆಂಪಗೆ ಓಡುತ್ತಿತ್ತು. ಕಡೆಗೆ ರಿಸೀವರನ್ನು ಎತ್ತಿದ್ದು ನಾಗವ್ವನೇ.

"ಆಟಾ ಆಡ್ಲಿಕ್ಕತ್ತದವಾ. ಬರೂದಿಲ್ಲಂತ."

"ಹೋಗ್ಲಿ ಬಿಡ್ರಿ," ಎಂದಳು ನೀತಾ. "ಆಡ್ಲಿ."

ಬೂತಿನ ಹೊರಗೆ ಕಾಯುತ್ತಿದ್ದವನು ಗಾಜಿಗೆ ಬಡಿದು, ಆಯಿತೇನು ತಾಯಿ ಎಂದು ಮರಾಠಿಯಲ್ಲಿ ಕೇಳಿದ. "ಝಾಲಾ, ಝಾಲಾ," ಎನ್ನುತ್ತ ಅವಳು ರಿಸೀವರನ್ನು ಇಟ್ಟಳು.